ಅಪರೂಪದ ಹಕ್ಕಿಗೆ ಎರಡು ಚೀಟಿ

"ತಾತಾ, ಬಾ! ಬೇಗ ಬಾ! ಇಟ್ಟಿಗೆ ರಾಶಿ ಹತ್ರ ನೋಡು!"

ಅಂಗಡಿಯ ಹಿಂದಿನ ಕಿಟಕಿಗೆ ಮೂಗು ಒತ್ತಿಕೊಂಡು ಸ್ಕ್ರೂ ನಿಂತಿದ್ದಳು. ತಾತನನ್ನು ಕೂಗಬೇಕು, ಆದರೆ ಹಕ್ಕಿ ಹೆದರಬಾರದು. ಹಾಗಾಗಿ ಕೂಗೂ ಅಲ್ಲದ, ಪಿಸುಮಾತೂ ಅಲ್ಲದ ಒಂದು ದನಿ ಅವಳ ಗಂಟಲಿನಿಂದ ಹೊರಟಿತು.

ಸ್ಕ್ರೂ ಅವಳ ನಿಜವಾದ ಹೆಸರೇನಲ್ಲ. ತಾತನದು ಕನ್ನಡಕದ ಅಂಗಡಿ. ಅಂಬೆಗಾಲಿಡುವ ವಯಸ್ಸಿನಲ್ಲಿ ಅವಳು ಆಗಾಗ ಮೇಜಿನಡಿ ನುಸುಳಿ ಮಾಯವಾಗುತ್ತಿದ್ದಳಂತೆ. ತಾತ ಟಾರ್ಚು ಹಿಡಿದು ಹುಡುಕಬೇಕಾಗುತ್ತಿತ್ತು. "ಇವಳು ಕನ್ನಡಕದ ಸ್ಕ್ರೂ ಇದ್ದ ಹಾಗೆ. ಇರೋದು ಇಷ್ಟೇ ಇಷ್ಟು, ಕೈತಪ್ಪಿದ್ರೆ ಸಿಗೋದೇ ಇಲ್ಲ" ಎಂದು ತಾತ ಹೇಳಿದ್ದು ಹಾಗೇ ಅಂಟಿಕೊಂಡಿತು. ಐದನೇ ಕ್ಲಾಸಿಗೆ ಬಂದರೂ ಬಿಟ್ಟಿಲ್ಲ.

ಕಿಟಕಿಯ ಆಚೆ ಹಳೆಯ ಗೂಡ್ಸ್ ಯಾರ್ಡು. ಅಲ್ಲಿಗೆ ರೈಲು ಬರುವುದು ನಿಂತು ಎಷ್ಟೋ ವರ್ಷವಾಗಿದೆ. ತುಕ್ಕು ಹಿಡಿದ ಹಳಿಗಳು, ಮುಳ್ಳಿನ ಪೊದೆ, ಯಾರೋ ತಂದು ಸುರಿದು ಮರೆತೇಬಿಟ್ಟ ಇಟ್ಟಿಗೆ ರಾಶಿ, ಇಷ್ಟೇ ಅಲ್ಲಿರುವುದು. ಆ ರಾಶಿಯ ಬುಡದಲ್ಲಿ ಮರದ ತೊಗಟೆಯ ಚೂರೊಂದು ಬಿದ್ದಿದೆ ಎಂದು ಸ್ಕ್ರೂ ಅಂದುಕೊಂಡಿದ್ದಳು. ಆಮೇಲೆ ಆ ಚೂರು ನಡೆಯಿತು.

ಅದು ಇರುವೆ ಸಾಲಿನ ಮೇಲೆ ಬಗ್ಗಿ, ಉದ್ದನೆಯ ನಾಲಗೆ ಚಾಚಿ, ಪಟಪಟನೆ ಇರುವೆ ನೆಕ್ಕಿತು. ನೆತ್ತಿಯಿಂದ ಬೆನ್ನಿನವರೆಗೆ ಒಂದು ಕಪ್ಪು ಗೆರೆ. ಇದ್ದಕ್ಕಿದ್ದಂತೆ ಅದು ಕತ್ತನ್ನು ಹಾವಿನ ಹಾಗೆ ಬಳುಕಿಸಿ ಪೂರ್ತಿ ಹಿಂದಕ್ಕೆ ತಿರುಗಿಸಿತು. ಸ್ಕ್ರೂಗೆ ತನ್ನ ಕತ್ತೇ ಉಳುಕಿದಂತಾಯಿತು.

ತಾತ ಮೇಜಿನ ಅಂಚು ಹಿಡಿದು, ಗೋಡೆ ಮುಟ್ಟಿಕೊಂಡು, ಕಿಟಕಿಗೆ ಬಂದ. "ಎಲ್ಲೇ?"

"ಅಲ್ಲೇ ತಾತ, ಒಡೆದ ಇಟ್ಟಿಗೆ ಪಕ್ಕ. ಕತ್ತು ತಿರುಗಿಸ್ತಾ ಇದೆ ನೋಡು!"

ತಾತ ಗಾಜಿನ ಹತ್ತಿರಕ್ಕೆ ಮುಖ ತಂದ. "ಹೂಂ... ಹೌದಲ್ಲ!"

"ಕಾಣಿಸ್ತಾ?"

"ಕಾಣದೆ ಏನು? ಭೇಷ್!"

ಅಷ್ಟರಲ್ಲಿ ರಸ್ತೆಯ ಕಡೆ ಯಾವುದೋ ಸ್ಕೂಟರ್ ಕೀಂಯ್ ಎಂದು ಹಾರ್ನ್ ಹೊಡೆಯಿತು. ಹಕ್ಕಿ ಭುರ್ರನೆ ಹಾರಿ ಪೊದೆಯೊಳಗೆ ಹೋಯಿತು.

ಸ್ಕ್ರೂ ಬ್ಯಾಗಿನಿಂದ ಹಕ್ಕಿಗಳ ಪುಸ್ತಕ ಎಳೆದು ಹಾಳೆ ಮಗುಚಿದಳು. ಒಂದು ಕಡೆ ಬೆರಳು ಗಕ್ಕನೆ ನಿಂತಿತು. ಪುಟದ ಮೇಲ್ಭಾಗದಲ್ಲಿ ಅದೇ ತೊಗಟೆ ಬಣ್ಣದ ಹಕ್ಕಿ. ಹೆಸರು ರೈನೆಕ್. ಮರಕುಟಿಗದ ಸಂಬಂಧಿ, ಚಳಿಗಾಲದಲ್ಲಿ ದೂರದಿಂದ ಬಂದು ಹೋಗುವ ಅತಿಥಿ, ಕಾಣಸಿಗುವುದು ಬಹಳ ಅಪರೂಪ ಎಂದು ಬರೆದಿತ್ತು.

"ತಾತಾ, ಅಪರೂಪ ಅಂತೆ! ನೀನೂ ನೋಡಿದ್ಯಲ್ಲ. ಅಂದ್ರೆ ಎರಡು ಚೀಟಿ ಆಯ್ತು!" ಎಂದು ಅವಳು ಅಂಗಡಿಯ ತುಂಬ ಕುಣಿದಳು. ಕನ್ನಡಕಗಳ ಸ್ಟ್ಯಾಂಡು ಗಡಗಡ ಅಂದಿತು.

ಈ ಎರಡು ಚೀಟಿಯ ವಿಷಯ ಸ್ವಲ್ಪ ಹೇಳಬೇಕು.

ಸ್ಕ್ರೂಳ ಶಾಲೆಯಲ್ಲಿ ಒಬ್ಬರು ಲೈಬ್ರರಿ ಮಿಸ್ ಇದ್ದಾರೆ. ಅವರ ಮೇಜಿನ ಮೇಲೆ ದಪ್ಪ ರಟ್ಟಿನ ಒಂದು ರಿಜಿಸ್ಟರ್. ಅದೇ ಹಕ್ಕಿ ಬುಕ್. ಮಕ್ಕಳು ತಮ್ಮ ಬೀದಿಯಲ್ಲಿ, ಮನೆಯ ಹತ್ತಿರ ಯಾವ ಹಕ್ಕಿ ನೋಡಿದರೂ ಅದರಲ್ಲಿ ಸೇರುತ್ತದೆ. ಕಾಗೆ, ಪಾರಿವಾಳ, ಮೈನಾಗಳಾದರೆ ಒಂದು ಚೀಟಿ ಸಾಕು. ಅಪರೂಪದ ಹಕ್ಕಿಯಾದರೆ ನೋಡಿದವರು ಇಬ್ಬರಿರಬೇಕು. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರನ್ನೊಬ್ಬರು ಕೇಳದೆ, ಪುಸ್ತಕ ನೋಡದೆ, ಕಂಡದ್ದನ್ನು ಬರೆದು ಮಡಚಿ ಕೊಡಬೇಕು. ಎರಡು ಚೀಟಿ ಹೊಂದಿದರೆ ಮಾತ್ರ ಹಕ್ಕಿಗೆ 'ಅಪರೂಪ' ಎಂಬ ಕೊನೆಯ ಪುಟದಲ್ಲಿ ಜಾಗ. ಹನ್ನೊಂದು ವರ್ಷದಲ್ಲಿ ಆ ಪುಟದಲ್ಲಿ ನಾಲ್ಕೇ ಸಾಲು ತುಂಬಿವೆ.

"ಫೋಟೋ ತೋರಿಸ್ಬಹುದಾ ಮಿಸ್?" ಎಂದು ಯಾರಾದರೂ ಕೇಳಿದರೆ ಅವರಿಗೆ ಆಗುವುದಿಲ್ಲ. "ಫೋಟೋ ಅಂದ್ರೆ ಹಕ್ಕಿ ಬಿಟ್ಟು ಫೋನ್ ನೋಡ್ತಾ ನಿಲ್ತೀರಿ. ಕಣ್ಣಲ್ಲಿ ನೋಡಿ, ಕೈಯಲ್ಲಿ ಬರೀರಿ" ಎನ್ನುತ್ತಾರೆ.

ಆ ಐದನೇ ಸಾಲು ಸ್ಕ್ರೂಗೆ ಬೇಕೇ ಬೇಕಿತ್ತು. ಯಾಕೆಂದರೆ ಹೋದ ವರ್ಷ ಅವಳು ಆಟದ ಮೈದಾನದ ಮರದಲ್ಲಿ ಬಿಳಿ ಗೂಬೆ ಕೂತಿದೆ ಎಂದು ಇಡೀ ಶಾಲೆಯನ್ನು ಕರೆದು ತಂದಿದ್ದಳು. ಎಲ್ಲರೂ ಉಸಿರು ಬಿಗಿಹಿಡಿದು ಕತ್ತೆತ್ತಿ ನಿಂತರು. ಗಾಳಿ ಬೀಸಿತು. ಗೂಬೆ ಬಿಚ್ಚಿಕೊಂಡು, ಉಬ್ಬಿಕೊಂಡು, ತೇಲುತ್ತಾ ಬಂದು ಪಿ.ಟಿ. ಸರ್ ತಲೆಯ ಮೇಲೆ ಇಳಿಯಿತು. ಅದೊಂದು ಪ್ಲಾಸ್ಟಿಕ್ ಕವರ್ ಆಗಿತ್ತು. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ಕವರ್ ಗೂಬೆ.

ಸ್ಕ್ರೂ ಎಂದು ತಾತ ಕರೆದರೆ ಅವಳಿಗೆ ಖುಷಿ. ಕವರ್ ಗೂಬೆ ಎಂದು ಕರೆದರೆ ಮಾತ್ರ ಓಡಿಹೋಗಿ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನಿಸುತ್ತಿತ್ತು.

ಅವಳು ಆ ಪುಟಕ್ಕೆ ಗುರುತಿಟ್ಟು ಪುಸ್ತಕ ಮುಚ್ಚಿ, ಅಲ್ಲೇ ಮೇಜಿನ ಈ ತುದಿಯಲ್ಲಿ ಕೂತು ತನ್ನ ಚೀಟಿ ಬರೆದಳು. ತಾತನಿಗೂ ಒಂದು ಹಾಳೆ ಹರಿದು ಕೊಟ್ಟಳು.

"ಆ ಪುಸ್ತಕ ಇಲ್ಲೇ ಬಿಟ್ಟು ಹೋಗು. ಸುಮ್ನೆ ಒಂದ್ಸಲ ನೋಡ್ತೀನಿ" ಅಂದ ತಾತ.

"ನೋಡಿ ಬರೆಯೋ ಹಾಗಿಲ್ಲ ತಾತ! ರೂಲ್ಸ್!"

"ಗೊತ್ತು ಕಣೇ. ಈ ವಯಸ್ಸಲ್ಲಿ ನಾನೇನು ಕಾಪಿ ಹೊಡೀತೀನಾ?"

ಮರುದಿನ ಬೆಳಿಗ್ಗೆ ತಾತ ಪುಸ್ತಕವನ್ನೂ ನಾಲ್ಕು ಮಡಿಕೆ ಮಡಚಿದ ಚೀಟಿಯನ್ನೂ ಕೊಟ್ಟ. ಸ್ಕ್ರೂ ಅದನ್ನು ಬಿಚ್ಚಲಿಲ್ಲ. ಬಿಚ್ಚಬೇಕೆಂದು ದಾರಿಯುದ್ದಕ್ಕೂ ಬೆರಳು ತುರಿಸಿದರೂ ಬಿಚ್ಚಲಿಲ್ಲ.

ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಲೈಬ್ರರಿ ಮಿಸ್ ಕರೆಸಿದರು. ಅವರ ಮುಂದೆ ಎರಡು ಚೀಟಿಗಳೂ ಬಿಚ್ಚಿಕೊಂಡು ಬಿದ್ದಿದ್ದವು. ಮಿಸ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅದು ತಾತನೇ ಮಾಡಿಕೊಟ್ಟ ಕನ್ನಡಕ.

"ಪುಟ್ಟಾ, ಇದು ಹೊಂದ್ತಾ ಇಲ್ವಲ್ಲ. ನೀನೇ ಓದು."

ಸ್ಕ್ರೂ ತನ್ನದನ್ನು ಬಿಟ್ಟು ತಾತನದನ್ನು ತೆಗೆದುಕೊಂಡಳು. ಅಕ್ಷರಗಳು ದಪ್ಪ ದಪ್ಪ ಇದ್ದವು. ಸಾಲುಗಳು ಗೆರೆ ಬಿಟ್ಟು ಎಲ್ಲೆಲ್ಲಿಗೋ ಹೋಗಿದ್ದವು.

'ತಲೆಯ ಮೇಲೆ ಕೆಂಪು ಜುಟ್ಟು. ಬೆನ್ನು ಹಸಿರು. ಮರಕ್ಕೆ ಅಂಟಿಕೊಂಡು ಟಕಟಕ ಕುಟ್ಟುತ್ತಿತ್ತು. ನನ್ನ ಮೊಮ್ಮಗಳೇ ಮೊದಲು ನೋಡಿದ್ದು.'

ಅವಳ ಮುಖ ಬಿಸಿಯಾಯಿತು. ಕೆಂಪು ಜುಟ್ಟೆಲ್ಲಿತ್ತು? ಹಸಿರೆಲ್ಲಿತ್ತು? ಯಾರ್ಡಿನಲ್ಲಿ ಒಂದು ಮರವೂ ಇಲ್ಲ! ಆಮೇಲೆ ನೆನಪಾಯಿತು. ಪುಸ್ತಕದ ಅದೇ ಪುಟದ ಕೆಳಭಾಗದಲ್ಲಿ ಇನ್ನೊಂದು ಚಿತ್ರವಿತ್ತು. ಹಸಿರು ಬೆನ್ನಿನ, ಕೆಂಪು ಜುಟ್ಟಿನ ಮರಕುಟಿಗ.

ತಾತ ಕಾಪಿ ಹೊಡೆದಿದ್ದ. ಅದೂ ತಪ್ಪು ಚಿತ್ರ ನೋಡಿ.

"ಶುಕ್ರವಾರದ ತನಕ ಟೈಮ್ ಇದೆ" ಅಂದರು ಮಿಸ್. ಅವರು ಬೈಯಲಿಲ್ಲ, ನಗಲೂ ಇಲ್ಲ. "ತಾತನ್ನ ಒಂದ್ಸಲ ಕೇಳು. ಇನ್ನೊಂದು ಚೀಟಿ ತಂದ್ರೆ ನೋಡ್ತೀನಿ."

ಬಾಗಿಲ ಹೊರಗೆ ಕ್ಲಾಸ್ ಲೀಡರ್ ಕಿವಿಯಾನಿಸಿಕೊಂಡು ನಿಂತಿದ್ದಳು. "ಇಷ್ಟೇನಾ? ಸಿಂಪಲ್. ನೀನು ಹೇಳ್ತಾ ಹೋಗು, ನಿಮ್ ತಾತ ಬರೀಲಿ. ಬರೆದುಕೊಡಲ್ಲ ಅಂತಾರಾ?"

ತಾತ ಬರೆದುಕೊಡದೆ ಇರುವುದಿಲ್ಲ. ಅದು ಸ್ಕ್ರೂಗೂ ಗೊತ್ತಿತ್ತು. ಐದನೇ ಸಾಲು ಒಂದೇ ಒಂದು ಚೀಟಿಯಷ್ಟು ದೂರದಲ್ಲಿತ್ತು.

ಶಾಲೆ ಬಿಟ್ಟ ಮೇಲೆ ಅವಳು ದುಮುದುಮು ಎನ್ನುತ್ತಾ ಅಂಗಡಿಗೆ ಬಂದಳು. 'ನೋಡದೆ ಇದ್ರೆ ನೋಡಿಲ್ಲ ಅನ್ನಬೇಕಪ್ಪ. ಸುಳ್ಳು ಯಾಕೆ ಹೇಳಬೇಕು?' ಎಂದು ದಾರಿಯಲ್ಲೇ ಜಗಳ ಸಿದ್ಧ ಮಾಡಿಕೊಂಡಿದ್ದಳು. ಬಾಗಿಲಲ್ಲಿ ಕಾಲಿಟ್ಟವಳು ಹಾಗೇ ನಿಂತಳು.

ತಾತ ಯಾರದೋ ಕನ್ನಡಕದ ಕಡ್ಡಿ ಜೋಡಿಸುತ್ತಿದ್ದ. ಕಡ್ಡಿಯ ಸ್ಕ್ರೂ ಕೈತಪ್ಪಿ ಮೇಜಿನ ಮೇಲೆ ಟಿಣ್ ಎಂದು ಬಿತ್ತು. ಅದು ಬಿದ್ದದ್ದು ಬಲಗಡೆ. ಬಾಗಿಲಲ್ಲಿದ್ದ ಅವಳಿಗೇ ಅದು ಮಿನುಗುವುದು ಕಾಣುತ್ತಿತ್ತು. ತಾತ ಅಂಗೈಯಿಂದ ಎಡಗಡೆ ಸವರುತ್ತಿದ್ದ. ಮೆಲ್ಲಗೆ, ಮೇಜಿನ ಅಂಚಿನವರೆಗೆ ಸವರಿದ. ಮತ್ತೆ ಅಲ್ಲಿಂದಲೇ ಶುರು ಮಾಡಿದ.

ಈಚೆಗೆ ಸ್ಕ್ರೂ ಹಾಕುವ ಕೆಲಸವನ್ನೆಲ್ಲ ತಾತ ಅವಳಿಗೇ ಕೊಡುತ್ತಿದ್ದ. 'ನಿನ್ನ ಬೆರಳು ಸಣ್ಣ, ನೀನೇ ಹಾಕು' ಎನ್ನುತ್ತಿದ್ದ. ಗಡಿಯಾರ ಎದುರಿಗಿದ್ದರೂ 'ಟೈಮ್ ಎಷ್ಟಾಯ್ತೇ?' ಎನ್ನುತ್ತಿದ್ದ. ನಡೆಯುವಾಗ ಗೋಡೆ ಮುಟ್ಟುತ್ತಿದ್ದ. ಇದನ್ನೆಲ್ಲ ಅವಳು ದಿನಾ ನೋಡಿದ್ದಳು. ನೋಡಿದ್ದಳು, ಅಷ್ಟೆ.

ಸಿದ್ಧ ಮಾಡಿಕೊಂಡ ಜಗಳ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ಹೋಗಿ ಸ್ಕ್ರೂ ಎತ್ತಿ ತಾತನ ಅಂಗೈಯಲ್ಲಿಟ್ಟಳು.

"ಓ, ಬಂದ್ಯಾ? ಹಕ್ಕಿ ಬುಕ್ಕಲ್ಲಿ ಸೇರಿಸ್ಕೊಂಡ್ರಾ?"

"ತಾತ, ನಿನ್ನ ಕಣ್ಣು ಟೆಸ್ಟ್ ಮಾಡ್ಲಾ?"

"ನನ್ನದಾ?" ತಾತ ನಕ್ಕ. "ಮಾಡು ಮಾಡು, ಡಾಕ್ಟರಮ್ಮ."

ಎದುರು ಗೋಡೆಯಲ್ಲಿ ಅಕ್ಷರಗಳ ಚಾರ್ಟು ನೇತಾಡುತ್ತಿತ್ತು. ತಾತ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡ ಹೇಳಿದ. "ರ. ಗ, ಟ. ಮ, ಲ, ಪ. ನ, ದ, ಚ, ವ..." ಒಂದೂ ತಪ್ಪಲಿಲ್ಲ. ಅಮ್ಮ 'ಕಣ್ಣು ತೋರಿಸಿಕೊಳ್ಳಪ್ಪಾ' ಎಂದು ಗದರಿದಾಗಲೂ ತಾತ ಹೀಗೇ ಹೇಳಿ ಅವಳ ಬಾಯಿ ಮುಚ್ಚಿಸಿದ್ದ.

ನಲವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ ಚಾರ್ಟು.

ಸ್ಕ್ರೂ ಸದ್ದಿಲ್ಲದೆ ಹೋಗಿ ಚಾರ್ಟನ್ನು ಇಳಿಸಿದಳು. ಹಿಂದುಗಡೆ ಖಾಲಿ ಬಿಳಿ ಇತ್ತು. ಬ್ಯಾಗಿನಿಂದ ಸ್ಕೆಚ್ ಪೆನ್ ತೆಗೆದು, ನೆಲದ ಮೇಲೆ ಕೂತು ಬರೆದಳು. ಮೇಲೆ ಬಹಳ ದೊಡ್ಡದಾಗಿ, ಕೆಳಗೆ ಇಳಿಯುತ್ತಾ ಸಣ್ಣದಾಗಿ. ಮತ್ತೆ ಮೊಳೆಗೆ ನೇತುಹಾಕಿದಳು.

"ಈಗ ಇದು."

"ರ" ಅಂದ ತಾತ. ಆಮೇಲೆ ತಡೆದ. ಕತ್ತು ಮುಂದೆ ಚಾಚಿದ. "ಅಲ್ಲ... ಕ. ಕ ತಾನೇ?"

"ಹೂಂ. ಕೆಳಗಿಂದು?"

ತಾತ ಕಣ್ಣು ಕಿರಿದು ಮಾಡಿದ. ಅಗಲ ಮಾಡಿದ. ಮುಚ್ಚಿದ್ದ ಕೈ ತೆಗೆದು ಎರಡೂ ಕಣ್ಣಿನಿಂದ ನೋಡಿದ.

"ಕೆಳಗೆ ಏನೂ ಇಲ್ವಲ್ಲೇ" ಅಂದ ಕೊನೆಗೆ.

ಕೆಳಗೆ ಮೂರು ಸಾಲು ಇತ್ತು. ಸ್ಕ್ರೂ ಅದನ್ನು ಹೇಳಲಿಲ್ಲ. ಆದರೆ ಹೇಳದೆ ಇದ್ದದ್ದೂ ತಾತನಿಗೆ ಅರ್ಥವಾಯಿತು.

"ಎಷ್ಟು ದಿನದಿಂದ ತಾತ?"

"ನೀನು ಮೂರನೇ ಕ್ಲಾಸಲ್ಲಿದ್ದಾಗಿಂದ. ಪೊರೆ ಬಂದಿದೆ. ಎಲ್ಲ ಹಬೆ ಹಿಡಿದ ಕನ್ನಡಿ ಹಾಗೆ ಕಾಣ್ಸುತ್ತೆ." ತಾತ ಅಂಗಿಯ ಗುಂಡಿ ತಿರುವುತ್ತಾ ಕೂತ. "ಚಾರ್ಟು ಬಾಯಿಪಾಠ. ಪೆಟ್ಟಿಗೇಲಿ ಯಾವ ಲೆನ್ಸ್ ಎಲ್ಲಿದೆ ಅಂತ ಬೆರಳಿಗೇ ಗೊತ್ತು. ಹೆಂಗೋ ನಡೀತಾ ಇತ್ತು."

"ಆಪರೇಷನ್ ಮಾಡಿಸ್ಕೊಂಡ್ರೆ ಸರಿಹೋಗುತ್ತಲ್ಲ? ನೀನೇ ಎಲ್ಲರಿಗೂ ಹೇಳ್ತಿಯಲ್ಲ, 'ಹತ್ತು ನಿಮಿಷದ ಕೆಲಸ, ಇರುವೆ ಕಚ್ಚಿದಷ್ಟೂ ನೋವಾಗಲ್ಲ' ಅಂತ?"

"ಬೇರೆಯವರ ಕಣ್ಣಿಗೆ ಹೇಳೋದು ಸುಲಭ ಕಣೇ." ತಾತ ದನಿ ತಗ್ಗಿಸಿದ. "ನಂಗೆ ಭಯ."

ಸ್ಕ್ರೂಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ಗೊತ್ತಾಗದೆ ಮೂಗು ಒರೆಸಿಕೊಂಡಳು.

"ಮತ್ತೆ ಹಕ್ಕಿ ಕಂಡಿತು ಅಂತ ಯಾಕೆ ಹೇಳ್ದೆ?"

"ನೀನು ನೋಡಿದೆ ಅಂದ್ಯಲ್ಲ. ನಂಗೆ ಅಷ್ಟು ಸಾಕಾಗಿತ್ತು."

"ಗೂಬೆ ನೋಡಿದೆ ಅಂದಾಗ್ಲೂ?"

"ಆಗ್ಲೂ ನಂಬಿದ್ದೆ. ಕವರ್ ಅಂತ ನಂಗೇನು ಕನಸು ಬಿದ್ದಿತ್ತಾ?"

ಈ ಸಲ ನಗುವೇ ಮೊದಲು ಬಂತು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ತಾತ ಪೆನ್ನಿಗಾಗಿ ಜೇಬು ತಡಕಿದ.

"ನನ್ನ ಚೀಟಿ ತಪ್ಪಾಗಿದೆ ಅಲ್ವಾ? ಭೂತಗನ್ನಡಿ ಇಟ್ಕೊಂಡು ಅಷ್ಟು ಕಷ್ಟಪಟ್ಟು ನೋಡಿದ್ದೆ. ಹೋಗ್ಲಿ, ಹಾಳೆ ತಾ. ನೀನು ಹೇಳು, ಸರಿಯಾಗಿ ಬರೆದುಬಿಡ್ತೀನಿ. ನಿನ್ನ ಹಕ್ಕಿ ಬಿಟ್ಟುಹೋಗಬಾರದು."

ಹಾಳೆ ಬ್ಯಾಗಿನಲ್ಲೇ ಇತ್ತು. ತೊಗಟೆ ಬಣ್ಣ, ಕಪ್ಪು ಗೆರೆ, ಇರುವೆ ಸಾಲು. ಮೂರೇ ಮಾತು. ಸ್ಕ್ರೂ ಬ್ಯಾಗಿನ ಜಿಪ್ ಎಳೆದಳು. ಅರ್ಧದವರೆಗೆ ಎಳೆದು, ಮತ್ತೆ ಮುಚ್ಚಿದಳು.

"ಬೇಡ ತಾತ."

"ಯಾಕೆ?"

"ನೀನು ನೋಡ್ಲಿಲ್ವಲ್ಲ" ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮತ್ತೆ, ಸಂಜೆ ಅಮ್ಮ ಬಂದ ತಕ್ಷಣ ನಾನು ಹೇಳಿಬಿಡ್ತೀನಿ. ಚಾರ್ಟಿನ ವಿಷಯ."

"ಅಯ್ಯೋ, ಚಾಡಿ ಹೇಳ್ತೀಯಾ?"

"ಹೂಂ."

ತಾತ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ಆದರೆ ಬೇಡ ಎನ್ನಲಿಲ್ಲ.

ಶುಕ್ರವಾರ ಸ್ಕ್ರೂ ಲೈಬ್ರರಿಗೆ ಹೋಗಿ ಎರಡು ಚೀಟಿಗಳನ್ನೂ ವಾಪಸ್ ತೆಗೆದುಕೊಂಡಳು. ಮಿಸ್ ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟರು. ಹೊರಗೆ ಲೀಡರ್ ಕಾಯುತ್ತಿದ್ದಳು. "ಅಂದ್ರೆ ಇದೂ ಕವರ್ರೇನಾ?" ಅಂದಳು. ಸ್ಕ್ರೂಗೆ ಓಡಿಹೋಗಬೇಕು ಅನಿಸಿತು. ಮೊದಲಿನಷ್ಟಲ್ಲ, ಆದರೂ ಅನಿಸಿತು.

ಮೂರು ವಾರ ಕಳೆಯಿತು. ಅಷ್ಟರಲ್ಲಿ ಅಮ್ಮ ಎರಡು ಸಲ ಗದರಿ, ಒಂದು ಸಲ ಅತ್ತು, ತಾತನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಪರೇಷನ್ನಿಗೆ ಒಳಗೆ ಹೋಗುವವರೆಗೂ ತಾತ ಸ್ಕ್ರೂಳ ಕೈ ಬಿಡಲಿಲ್ಲ. ಹೊರಗೆ ಬಂದವನೇ "ಇರುವೆ ಕಚ್ಚಿದಷ್ಟೂ ನೋವಾಗ್ಲಿಲ್ಲ ಕಣೇ. ನಾನು ಮೊದ್ಲೇ ಹೇಳ್ತಿರ್ಲಿಲ್ವಾ?" ಎಂದು ಜಂಬ ಕೊಚ್ಚಿದ.

ರೈನೆಕ್ ಮತ್ತೆ ಬರಲಿಲ್ಲ. ಸ್ಕ್ರೂ ದಿನಾ ಕಿಟಕಿಯಲ್ಲಿ ಕಾದಳು. ಇಟ್ಟಿಗೆ ರಾಶಿ ಇತ್ತು, ಇರುವೆ ಸಾಲು ಇತ್ತು. ಹಕ್ಕಿ ತನ್ನ ದೂರದ ಊರಿಗೆ ಹೊರಟುಹೋಗಿತ್ತು.

ಒಂದು ಸಂಜೆ ಅವಳು ಮೇಜಿನ ಹತ್ತಿರ ಕೂತು ಲೆಕ್ಕ ಮಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. ಕೂಗೂ ಅಲ್ಲ, ಪಿಸುಮಾತೂ ಅಲ್ಲ.

"ಸ್ಕ್ರೂ! ಬಾ! ಬೇಗ ಬಾ!"

ತಾತ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಗೆ ಮೂಗು ಒತ್ತಿ ನಿಂತಿದ್ದ. ಸ್ಕ್ರೂ ಪುಸ್ತಕ ಬಿಸಾಡಿ ಓಡಿದಳು. ಎದುರಿನ ಮೋಟು ಗೋಡೆಯ ಮೇಲೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಹಕ್ಕಿಯೊಂದು ಠೀವಿಯಿಂದ ಓಡಾಡುತ್ತಿತ್ತು.

"ತಾತ, ಅದು ಮೈನಾ."

"ಗೊತ್ತು."

"ಯಾರ್ಡ್ ತುಂಬಾ ಅದೇ ಇದೆ. ಇಪ್ಪತ್ತೋ ಮೂವತ್ತೋ."

"ಗೊತ್ತು ಕಣೇ! ಮಾತಾಡ್ಬೇಡ, ಹಾರಿಹೋಗುತ್ತೆ. ಹಾಳೆ ತಾ. ನೀನು ಆ ಕಡೆ ಹೋಗಿ ಬರಿ, ನಾನು ಈ ಕಡೆ. ರೂಲ್ಸ್."

ಸ್ಕ್ರೂ ನಗುತ್ತಾ ಎರಡು ಹಾಳೆ ಹರಿದಳು. ಮೇಜಿಗೆ ಹೋಗಿ ಎರಡು ನಿಮಿಷದಲ್ಲಿ ಬರೆದು ಮುಗಿಸಿದಳು. 'ಮೈನಾ. ಕಂದು ಮೈ, ಕಪ್ಪು ತಲೆ, ಹಳದಿ ಕೊಕ್ಕು, ಹಳದಿ ಕಾಲು.' ಇದಕ್ಕೆ ನೋಡುವುದೇನಿದೆ? ಅವಳಿಗೆ ಬಾಯಿಪಾಠ.

ತಾತ ಬರೆಯುತ್ತಲೇ ಇದ್ದ. ತಲೆಯೆತ್ತಿ ನೋಡುವುದು, ಬಗ್ಗಿ ಬರೆಯುವುದು, ಮತ್ತೆ ನೋಡುವುದು. ಹಾಳೆಯ ಈ ಮೈ ಮುಗಿದು ಆ ಮೈಗೆ ಹೊರಳಿಸಿದ. ಕೊನೆಗೆ ನಾಲ್ಕು ಮಡಿಕೆ ಮಡಚಿ ಕೊಟ್ಟ.

ಈ ಸಲ ಅಕ್ಷರಗಳು ಸಣ್ಣಗೆ, ಗೆರೆಯ ಮೇಲೇ ಕೂತಿದ್ದವು.

'ಮೈನಾ. ಕಣ್ಣಿನ ಹಿಂದೆ ಹಳದಿ ಚರ್ಮ. ಕತ್ತಿನ ಕಪ್ಪು ಬಿಸಿಲಿಗೆ ಹೊಳೆಯುತ್ತದೆ. ಎಡ ರೆಕ್ಕೆಯಲ್ಲಿ ಒಂದು ಗರಿ ಸೊಟ್ಟ. ಬಲಗಾಲಿನಲ್ಲಿ ಮುಂದಿನ ಒಂದು ಬೆರಳಿಲ್ಲ. ಆದರೂ ಕುಂಟುವುದಿಲ್ಲ. ಈ ಸಲ ಮೊದಲು ನೋಡಿದ್ದು ನಾನು.'

ಸ್ಕ್ರೂ ಕಿಟಕಿಯ ಕಡೆ ತಿರುಗಿದಳು. ಮೈನಾ ಗೋಡೆಯ ಮೇಲೆ ಟಪಟಪ ನಡೆದು ಬಂತು. ಬಲಗಾಲಿನಲ್ಲಿ ಬೆರಳು ಇರಬೇಕಾದ ಜಾಗದಲ್ಲಿ ಬೆರಳಿರಲಿಲ್ಲ. ಎಡ ರೆಕ್ಕೆಯ ಗರಿಯೊಂದು ನಿಜಕ್ಕೂ ಸೊಟ್ಟಗಿತ್ತು.

ಅವಳು ತನ್ನ ಚೀಟಿಯನ್ನು ಒಮ್ಮೆ ನೋಡಿದಳು. ಗೋಡೆಯ ಮೇಲಿನ ಚಾರ್ಟನ್ನು ಒಮ್ಮೆ ನೋಡಿದಳು.

"ತಾತ, ನನ್ನ ಚೀಟಿ ಸರಿಯಿಲ್ಲ. ಇನ್ನೊಂದು ಬರೀತೀನಿ."

"ಬರಿ. ಶುಕ್ರವಾರದ ತನಕ ಟೈಮ್ ಇದೆ" ಅಂದ ತಾತ.

ಸ್ಕ್ರೂ ಹೊಸ ಹಾಳೆ ಹರಿದುಕೊಂಡು ತಾತನ ಪಕ್ಕಕ್ಕೆ ಬಂದಳು. ಕಿಟಕಿಗೆ ಮೂಗು ಒತ್ತಿ, ಪೆನ್ನಿನ ಮುಚ್ಚಳ ತೆಗೆಯದೆ, ಮೈನಾವನ್ನು ನೋಡುತ್ತಾ ನಿಂತಳು.